ಸಾಲಿಗೆ ಎದುರಾಗಿ ನಿಂತ ವ್ಯಾನು

ಕುಮ್ ಹೆಲಿಗ್, ವೇಲ್ಸ್
12 ಜನವರಿ 1986

ಅಪ್ಪಾ,

ಮುಷ್ಕರ ಮುರಿದವನ ಗ್ಯಾಸಿನ ಮೇಲೆ ನೀನು ಚಹಾ ಕಾಯಿಸಿದ್ದು ತಪ್ಪು. ಇದನ್ನು ಮೊದಲು ಹೇಳಿಬಿಡುತ್ತೇನೆ. ಕ್ಷೇಮಸಮಾಚಾರ ಆಮೇಲೆ.

ನಿನ್ನ ಪತ್ರದಲ್ಲಿ ಎರಡು ಹಾಳೆ ತುಂಬ ಸ್ಪೇನಿನ ಕಿತ್ತಳೆ ತೋಟ, ಸಮುದ್ರದ ಬಣ್ಣ, ಡಬಲ್ ರೊಟ್ಟಿಯಷ್ಟು ದಪ್ಪನೆಯ ಬಿಸಿಲು. ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ: 'ಅಂದ ಹಾಗೆ, ಇಲ್ಲಿ ಗ್ಲಿನ್ ಪ್ರಾಸರ್ ಸಿಕ್ಕಿದ್ದಾನೆ. ನಮ್ಮ ಗ್ಯಾಸ್ ಮುಗಿದಿತ್ತು, ಸಿಲಿಂಡರ್ ಕೊಟ್ಟ.' ಅಂದ ಹಾಗೆ! ನಮ್ಮ ಬೀದಿಯಲ್ಲಿ ಅವನ ಹೆಸರು ಹೇಳಿದವರು ಬಾಯಿ ತೊಳೆದುಕೊಳ್ಳುತ್ತಾರೆ.

ಕಲ್ಲಿದ್ದಲು ಗಣಿ ಮುಚ್ಚಬಾರದೆಂದು ಒಂದು ವರ್ಷ ಮುಷ್ಕರ ಹೂಡಿ ನಾವು ಹಸಿದೆವು. ಅಮ್ಮ ಸಮುದಾಯ ಭವನದ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆದು ಹೆರೆದು ಬೆರಳು ಒಡೆದುಕೊಂಡಳು. ಆ ನವೆಂಬರಿನ ಬೆಳಗ್ಗೆ ಕಲ್ಲು ತಾಗದಂತೆ ಕಿಟಕಿಗಳಿಗೆ ಜಾಲರಿ ಹೊಡೆದ ಬಸ್ಸಿನಲ್ಲಿ ಕೂತು ಗಣಿಯ ಗೇಟು ದಾಟಿ ಕೆಲಸಕ್ಕೆ ಹೋದವನು ನಮ್ಮ ಬೀದಿಯಿಂದ ಅವನೊಬ್ಬನೇ. ಗೇಟಿನಲ್ಲಿ ನೀನಿದ್ದೆ, ನಾನಿದ್ದೆ. ಅವನು ತಲೆ ಬಗ್ಗಿಸಿದ್ದನ್ನು ಇಬ್ಬರೂ ನೋಡಿದೆವು. ಅವನ ಮನೆಯ ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ 'ದ್ರೋಹಿ' ಎಂದು ಬರೆದವಳು ನಾನು, ಹಾಡುಹಗಲೇ ಬರೆದೆ. ಇವತ್ತು ಯಾರಾದರೂ ಅಳಿಸಿದರೆ ನಾಳೆ ಮತ್ತೆ ಬರೆಯುತ್ತೇನೆ.

ಗಣಿ ಮುಚ್ಚಿದಾಗ ಬಂದ ಪರಿಹಾರದಲ್ಲಿ ನೀನು ಸ್ವಾನ್ಸಿಯ ಕಟುಕನ ಒಲೆ, ಹಾಸಿಗೆ ಇರುವ ಹಳೇ ಮನೆವ್ಯಾನು ಕೊಂಡು ಹೊರಟಾಗ ನಾನು ಹೆಚ್ಚು ಮಾತಾಡಲಿಲ್ಲ. ಮೂವತ್ತೊಂದು ವರ್ಷ ಕತ್ತಲಲ್ಲಿದ್ದವನು ಒಂದು ಚಳಿಗಾಲ ಬೆಳಕಿನಲ್ಲಿರಲಿ ಎಂದುಕೊಂಡೆ. ಆದರೆ ಬೆಳಕು ಯಾರ ಜೊತೆಗಾದರೂ ಸರಿ ಎಂದಲ್ಲ. ನನ್ನ ಕರಪತ್ರಗಳನ್ನು ನೋಡಿ ನೀನು ನಗುತ್ತೀಯ. ಅವುಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: ಎದುರಾಳಿಯ ಏಟಿನಿಂದ ಯಾವ ಹೋರಾಟವೂ ಸತ್ತಿಲ್ಲ, ಹೋಗಲಿ ಬಿಡು ಎಂದವರಿಂದ ಸತ್ತಿದೆ.

ಅಂಗಡಿಯಲ್ಲಿ ಬೆಟ್ಸಾನ್ ಚಿಕ್ಕಮ್ಮ ಕೇಳಿದಳು: "ನಿಮ್ಮಪ್ಪ ಇನ್ನೂ ಬಿಸಿಲು ಕಾಯಿಸ್ತಾ ಬಿದ್ದಿದಾರೇನೆ? ನಮ್ಮವರಿಗೂ ಬಂತು ದುಡ್ಡು. ಹೊಸ ಸೋಫಾ ತಂದ್ರು, ಕೂತ್ರು. ಆವತ್ತು ಕೂತವರು ಇನ್ನೂ ಎದ್ದಿಲ್ಲ." ನಾನು ನಕ್ಕೆ. ನಿನ್ನ ಪಕ್ಕದಲ್ಲಿ ಯಾರಿದ್ದಾರೆಂದು ಹೇಳಲಿಲ್ಲ. ನಿನ್ನಿಂದಾಗಿ ನಾನು ಮುಚ್ಚಿಟ್ಟ ಮೊದಲ ವಿಷಯ ಇದು.

ಅಮ್ಮ ಯಾಕೆ ಈ ಸಲ ಒಂದು ಸಾಲೂ ಬರೆದಿಲ್ಲ?

ಎಲೆರಿ


ಅಲ್ಮೆರಿಯಾದ ಹತ್ತಿರ, ಸಮುದ್ರ ದಂಡೆ
29 ಜನವರಿ

ಪುಟ್ಟಿ,

ನಿನ್ನ ಪತ್ರ ಅಲ್ಮೆರಿಯಾದ ದೊಡ್ಡ ಅಂಚೆ ಕಚೇರಿಯಲ್ಲಿ ನನಗಾಗಿ ಕಾಯುತ್ತಾ ಕೂತಿತ್ತು. ಹೊರಗಿನ ಬೆಂಚಿನ ಮೇಲೆ ಓದಿದೆ. ಎದುರಿನ ತಾಳೆಮರದ ನೆರಳು ಹಾಳೆಯ ಮೇಲೆ ಓಡಾಡುತ್ತಿತ್ತು. ನಿನ್ನ ಅಕ್ಷರಗಳೂ ಅದರೊಡನೆ ಓಡಾಡಿದಂತಾಗಿ, ಬೈಗುಳವೂ ಅರ್ಧ ಹಿತವಾಯಿತು.

ಗ್ಯಾಸಿನ ವಿಷಯ ಹೇಳುತ್ತೇನೆ. ನಮ್ಮ ಸಿಲಿಂಡರಿನ ಬಾಯಿ ಒಂದು ಥರ, ಇಲ್ಲಿಯವರದು ಇನ್ನೊಂದು ಥರ. ಖಾಲಿಯಾದದ್ದನ್ನು ಕೊಟ್ಟು ತುಂಬಿದ್ದು ತರುವ ಹಾಗಿಲ್ಲ. ಅಂಗಡಿಯವನು ನಮ್ಮದನ್ನು ತಿರುಗಿಸಿ ಮುರುಗಿಸಿ ನೋಡಿ, ತಲೆಯಾಡಿಸಿ, ಪಾಪ ಎಂದು ನಾಲ್ಕು ಕಿತ್ತಳೆ ಕೊಟ್ಟು ಕಳಿಸಿದ. ಊರಿಂದ ಎರಡು ತುಂಬಿಸಿಕೊಂಡು ಹೊರಟರೆ ಚಳಿಗಾಲಕ್ಕೆ ಸಾಕು ಎಂದು ನಮ್ಮ ದೇಶದಿಂದ ಮೊದಲ ಸಲ ಬರುವವರೆಲ್ಲ ಅಂದುಕೊಳ್ಳುತ್ತಾರಂತೆ. ಬಿಸಿಲಿನ ನಾಡಿನಲ್ಲಿ ಹೀಟರ್ ಯಾಕೆ ಬೇಕು ಹೇಳು. ಇಲ್ಲಿಗೆ ಬರಲು ದಾಟಬೇಕಾದ ಎತ್ತರದ ಬಯಲಿನಲ್ಲಿ ಹಿಮ ಬೀಳುತ್ತದೆಂದು ಯಾರೂ ಹೇಳಿರಲಿಲ್ಲ. ಹೀಟರ್ ಎಲ್ಲವನ್ನೂ ಕುಡಿದುಬಿಟ್ಟಿತು.

ಅಮ್ಮನಿಗೆ ಜ್ವರ ಇತ್ತು. 'ಎಲೆರಿಗೆ ಬರೀಬೇಡಿ, ಹೆದರ್ತಾಳೆ' ಅಂದಳು. ಬರೆಯಲಿಲ್ಲ. ಈಗ ಓಡಾಡುತ್ತಿದ್ದಾಳೆ.

ಈ ದಂಡೆಯಲ್ಲಿ ವ್ಯಾನುಗಳು ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ನಿಲ್ಲುತ್ತವೆ, ಬಾಗಿಲು ಸಮುದ್ರಕ್ಕೆ. ಹೆಚ್ಚಿನವರು ಜರ್ಮನ್ನರು, ಅವರ ಬಾಗಿಲು ಬಲಕ್ಕೆ. ನಮ್ಮ ವ್ಯಾನಿನ ಬಾಗಿಲು ಎಡಕ್ಕೆ. ಊರಲ್ಲಿ ಅದು ಕಾಲುದಾರಿಯ ಕಡೆಗೆ ತೆರೆದರೆ, ಇಲ್ಲಿ ನೇರ ರಸ್ತೆಗೆ ತೆರೆಯುತ್ತದೆ. ಕ್ಯಾಲೆಯಲ್ಲಿ ಹಡಗು ಇಳಿದ ದಿನವೇ ಅಮ್ಮ ಲಾರಿಯೊಂದರ ಎದುರು ಕಾಲಿಟ್ಟಿದ್ದಳು. ಸಮುದ್ರದ ಕಡೆ ಬಾಗಿಲು ಬರಬೇಕಾದರೆ ನಾವು ಎಲ್ಲರಿಗೂ ಉಲ್ಟಾ ನಿಲ್ಲಬೇಕು. ಜರ್ಮನ್ನರ ಮೂತಿ ಮೂಡಣಕ್ಕೆ, ನಮ್ಮದು ಪಡುವಣಕ್ಕೆ. ಆ ಉದ್ದದ ಸಾಲಿನಲ್ಲಿ ಹಾಗೆ ಎದುರಾಗಿ ನಿಂತ ವ್ಯಾನು ಇನ್ನೊಂದೇ ಇತ್ತು. ನಮ್ಮ ದೇಶದವರು, ಸಿಲಿಂಡರ್ ಹೊಂದುತ್ತದೆ ಎಂದು ಓಡಿಹೋಗಿ ಬಾಗಿಲು ತಟ್ಟಿದೆ. ತೆರೆದವನು ಗ್ಲಿನ್.

"ಗ್ಯಾಸು ಮುಗೀತಾ?" ಅಂದ.

"ಮುಗೀತು."

"ನೆಸ್ಟಾ ಹೇಗಿದಾಳೆ?"

"ಜ್ವರ."

ಒಳಗೆ ಹೋಗಿ ಸಿಲಿಂಡರ್ ಹೊತ್ತು ತಂದ. "ಅರ್ಧ ಇದೆ. ನಾನು ಕೊಟ್ಟೆ ಅಂತ ಹೇಳ್ಬೇಡ ಮಾರಾಯ, ಅವಳು ಚಹಾ ಮುಟ್ಟಲ್ಲ."

ಹೇಳದಿರಲು ಆಗುತ್ತದೆಯೆ? ಹೇಳಿದೆ. ಅಮ್ಮ ಕಂಬಳಿಯಿಂದ ಮುಖ ಹೊರಗೆ ಹಾಕಿದಳು. "ಅವನು ಪಾಪಿ ಸರಿ. ಗ್ಯಾಸು ಏನ್ ಪಾಪ ಮಾಡಿದೆ? ನೀರಿಡಿ" ಅಂದಳು.

ಇಷ್ಟೇ. ಬೆಳಗ್ಗೆ ಬಾಗಿಲು ತೆರೆದರೆ ಮೆಟ್ಟಿಲಿನವರೆಗೂ ನೀರು ಬಂದಿದೆಯೇನೋ ಎನ್ನುವಷ್ಟು ಹತ್ತಿರ ಸಮುದ್ರ. ಬೆಳ್ಳಗೆ, ಸದ್ದಿಲ್ಲದೆ. ನಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂದು ತಿಳಿಯಲು ಬ್ರೆಡ್ಡಿನವನ ಹಾರ್ನ್ ಕೇಳಬೇಕು.

ಅಪ್ಪ


ಕುಮ್ ಹೆಲಿಗ್
10 ಫೆಬ್ರವರಿ

ಅಪ್ಪಾ,

ಅಮ್ಮನಿಗೆ ಜ್ವರ ಬಂದರೆ ನನಗೆ ಬರೆಯಬೇಕು. ನಾನು ಹೆದರಿದರೆ ಹೆದರುತ್ತೇನೆ, ಅದು ನನ್ನ ಹಕ್ಕು. ಅಮ್ಮ ಕುಡಿದ ಚಹಾದ ಬಗ್ಗೆ ಇನ್ನು ಮಾತಿಲ್ಲ. ಮೊದಲ ಪತ್ರದ ಆ ಸಾಲನ್ನು ಅಮ್ಮನ ಮಟ್ಟಿಗೆ ಹಿಂದೆ ತೆಗೆದುಕೊಂಡಿದ್ದೇನೆ. ನಿನ್ನ ಮಟ್ಟಿಗೆ ಇಲ್ಲ. ಜ್ವರ ಇಳಿದ ಮೇಲೂ ನೀವು ಅವನ ಪಕ್ಕದಲ್ಲೇ ಇದ್ದೀರಿ, ನಿನ್ನ ಪತ್ರದಿಂದ ಅದು ಗೊತ್ತಾಗುತ್ತದೆ.

ಹಾಗಾದರೆ ಅವನನ್ನು ಕೇಳು, ಯಾಕೆ ಆ ಬಸ್ಸು ಹತ್ತಿದೆ ಎಂದು. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ತೋರಿಸಲು ಹಸಿದ ಕೂಸೂ ಅವನ ಬಳಿ ಇರಲಿಲ್ಲ. ಒಂದು ಕಾರಣ ಹೇಳಲಿ. ಕಾರಣ ಕೇಳದೆ ಪಕ್ಕದಲ್ಲಿ ಕೂರುವುದನ್ನು ನಾನು ಸ್ನೇಹ ಎನ್ನುವುದಿಲ್ಲ, ಮರೆವು ಎನ್ನುತ್ತೇನೆ.

ಇಲ್ಲಿ ಎಲ್ಲ ಮಂಜು. ಗಣಿಯ ಚಕ್ರ ನಿಂತ ಮೇಲೆ ಊರಿಗೆ ಸದ್ದೇ ಇಲ್ಲ. ಬೆಳಗಿನ ಜಾವ ಅರೆನಿದ್ದೆಯಲ್ಲಿ ನನಗೆ ಗಣಿಯ ಸೈರನ್ನಿನ ಕೂಗು ಕೇಳುತ್ತದೆ, ಏಳುತ್ತೇನೆ, ಏನೂ ಇರುವುದಿಲ್ಲ. ಕನಸಿನಲ್ಲಿ ನಿನ್ನ ವ್ಯಾನು ದೀಪ ಹಚ್ಚಿಕೊಂಡು ನಮ್ಮ ಹೊಳೆಯ ಮೇಲೆ, ನೀರಿನ ಮೇಲೇ, ಮೆಲ್ಲಗೆ ಬಂತು. ಒಳಗೆ ನೀನು ಚಹಾ ಬಗ್ಗಿಸುತ್ತಿದ್ದೆ. ನಾನು ದಡದಲ್ಲಿ ಕೂಗಿದೆ. ನೀನು ಕೈ ಬೀಸಿದೆ, ದಾರಿಯಲ್ಲಿ ಎದುರಾಗುವ ವ್ಯಾನಿನವರೆಲ್ಲ ಒಬ್ಬರಿಗೊಬ್ಬರು ಬೀಸುತ್ತಾರೆ ಎಂದು ಬರೆದಿದ್ದೆಯಲ್ಲ, ಹಾಗೆ, ಪರಿಚಯವಿಲ್ಲದವರಿಗೆ ಬೀಸುವ ಹಾಗೆ.

ಅವನು ಎಷ್ಟು ಸುಖವಾಗಿದ್ದಾನೋ ಏನೋ. ಅವನ ತಾಯಿ ಸಾರಾ ಅಜ್ಜಿ ಇಲ್ಲಿ ಪರದೆ ಎತ್ತುವುದಿಲ್ಲ. ಅವಳ ಮೆಟ್ಟಿಲು ಯಾರೂ ಹತ್ತುವುದಿಲ್ಲ. ಮಗ ತಂದಿಟ್ಟ ನಾಚಿಕೆಯನ್ನು ಮುದುಕಿ ಒಬ್ಬಳೇ ಕೂತು ಉಣ್ಣುತ್ತಿದ್ದಾಳೆ. ಬೇಕಾದರೆ ಅವನಿಗೆ ಹೇಳು.

ಎಲೆರಿ


ಅದೇ ದಂಡೆ
27 ಫೆಬ್ರವರಿ

ಪುಟ್ಟಿ,

ಬೇಕಾದರೆ ಹೇಳು ಎಂದಿದ್ದೆ, ಹೇಳಿದೆ. ಆ ಸಾಲುಗಳನ್ನು ಹಾಗೆಯೇ ಓದಿದೆ. ಓದಬಾರದಿತ್ತೇನೋ.

ಗ್ಲಿನ್ ನೀರಿನ ಡ್ರಮ್ಮು ತುಂಬಿಸುತ್ತಿದ್ದ. ತುಂಬಿ ಹೊರಗೆ ಚೆಲ್ಲಿದರೂ ನಲ್ಲಿ ನಿಲ್ಲಿಸಲಿಲ್ಲ. ಇಲ್ಲಿ ಆ ನೀರಿಗೆ ಅರ್ಧ ಮೈಲಿ ನಡೆಯಬೇಕು, ಯಾರೂ ಒಂದು ಲೋಟ ಚೆಲ್ಲುವುದಿಲ್ಲ.

"ಬದುಕಿದಾಳಾ?" ಅಂದ.

"ಯಾಕೆ, ನಿಂಗೆ ಗೊತ್ತಿಲ್ವಾ?"

"ಹದಿನೈದು ದಿನಕ್ಕೊಂದು ಕಾಗದ ಹಾಕ್ತೀನಿ. ಒಂದಕ್ಕೂ ಉತ್ತರ ಇಲ್ಲ. ಅವಳೂ ಬೀದಿಯವರ ಜೊತೆ ಸೇರಿ ನನಗೆ ಬೆನ್ನು ಹಾಕಿದಾಳೆ ಅಂದ್ಕೊಂಡಿದ್ದೆ. ಸರಿಯಾಗೇ ಮಾಡಿದಾಳೆ ಅಂತ ಸುಮ್ಮನಿದ್ದೆ."

ಆಮೇಲೆ ಸಂಜೆಯವರೆಗೂ ಒರೆಸಿದ ವ್ಯಾನನ್ನೇ ಮತ್ತೆ ಒರೆಸಿದ.

ಯಾಕೆ ಬಸ್ಸು ಹತ್ತಿದೆ ಎಂದು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ದಾರಿಯಲ್ಲಿ ಸಿಕ್ಕವನನ್ನು ಕೇಳುವ ಮಾತು ಮೂರೇ: ನೀರು ಎಲ್ಲಿ, ಕಕ್ಕಸಿನ ಡಬ್ಬಿ ಎಲ್ಲಿ ಖಾಲಿ ಮಾಡಿದೆ, ಮುಂದಿನ ರಸ್ತೆ ಎಷ್ಟು ಏರು. ಇಲ್ಲಿ ಅಷ್ಟೇ. ಯಾರ ಮಗ ಎಲ್ಲಿ, ಯಾರ ಹೆಂಡತಿ ಯಾಕಿಲ್ಲ, ಯಾರು ಯಾವ ಯುದ್ಧದಲ್ಲಿ ಯಾವ ಕಡೆಗಿದ್ದರು, ಒಬ್ಬರೂ ಕೇಳುವುದಿಲ್ಲ. ಮರೆವು ಎಂದು ನೀನು ಬೈಯುತ್ತೀಯ. ನನಗೆ ಅದು ಗಾಯದ ಮೇಲಿನ ಬಟ್ಟೆ ಅನ್ನಿಸುತ್ತದೆ.

ಈಗ ಒಂದು ಬೇಡಿಕೆ. ನೀನು ಸಿಟ್ಟಾಗುವುದು ಖಂಡಿತ. ಏಪ್ರಿಲ್ ಮೊದಲ ವಾರ ನಾವು ಸಾಂತಾಂಡೆರ್‌ನಿಂದ ಪ್ಲಿಮತ್‌ಗೆ ಹಡಗು ಹತ್ತುತ್ತೇವೆ. ಗ್ಲಿನ್ ಜೊತೆಗೆ ಬರುತ್ತಾನೆ, ತಾಯಿಯನ್ನು ನೋಡಬೇಕಂತೆ. ಅವಳ ಮನೆಯಲ್ಲಿ ಮಲಗುವುದಿಲ್ಲ. ಯಾರಾದರೂ ಕಲ್ಲೆಸೆದರೆ ಒಡೆಯುವುದು ಅವಳ ಕಿಟಕಿ. ಆ ಬೀದಿಯಲ್ಲಿ ವ್ಯಾನು ನಿಲ್ಲಿಸಲು ಆಗದು, ಇಳಿಜಾರು. ವಾರೆಯಾಗಿ ಮಲಗಿದರೆ ತಲೆಗೆ ರಕ್ತ ಇಳಿಯುತ್ತದೆ, ಸಿಂಕಿನ ನೀರು ಹೊರಗೆ ಹೋಗುವುದಿಲ್ಲ. ನಮ್ಮ ಕಣಿವೆಯಲ್ಲಿ ಸಮತಟ್ಟು, ನಲ್ಲಿ, ಚರಂಡಿ ಮೂರೂ ಇರುವ ಜಾಗ ಒಂದೇ: ಸಮುದಾಯ ಭವನದ ಹಿಂದಿನ ಅಂಗಳ. ಗೇಟಿನ ಬೀಗದ ಕೈ ಕಾರ್ಯದರ್ಶಿಯಾದ ನಿನ್ನ ಬಳಿ ಇದೆ. ಎರಡು ದಿನ ಸಾಕು.

ಅದಕ್ಕೂ ಮೊದಲು ಸಾರಾ ಅಜ್ಜಿಯ ಮನೆಗೆ ಒಮ್ಮೆ ಹೋಗಿ ಬಾ.

ಬಾದಾಮಿ ಹೂ ಉದುರುತ್ತಿದೆ. ವ್ಯಾನಿನ ಛಾವಣಿ ಪೂರ್ತಿ ಬಿಳಿ. ಅಮ್ಮ ಗುಡಿಸಬೇಡಿ ಅಂದಿದ್ದಾಳೆ.

ಅಪ್ಪ


ಕುಮ್ ಹೆಲಿಗ್
16 ಮಾರ್ಚ್

ಅಪ್ಪಾ,

ಅಂಗಳ ಕೊಡುವುದಿಲ್ಲ.

ಗುಟ್ಟಾಗಿ ಬೀಗ ತೆರೆಯುವವಳು ನಾನಲ್ಲ, ಆದ್ದರಿಂದ ಸಮಿತಿಯ ಮುಂದಿಟ್ಟೆ. ಮೆರ್ವಿನ್ ಮಾವ ಪೈಪು ಕೆಳಗಿಟ್ಟು, "ಅವನು ಬರೋದಾದ್ರೆ ಜಾಲರಿ ಬಸ್ಸಲ್ಲೇ ಬರ್ಲಿ, ಅಭ್ಯಾಸ ಇದೆ" ಅಂದ. ಎಲ್ಲರೂ ನಕ್ಕರು. ಕೈ ಎತ್ತಿಸಿದೆವು. ಬೇಡ ಎನ್ನುವ ಕೈಗಳಲ್ಲಿ ನನ್ನದೂ ಇತ್ತು. ಅದು ನಿನಗೆ ಬೇರೆಯವರಿಂದ ತಿಳಿಯಬಾರದು. ಊರಿಗೆ ಊರೇ ಊಟಕ್ಕೆ ಸಾಲು ನಿಂತ ಅಂಗಳ ಅದು. ಅಲ್ಲಿ ಅವನ ಚಕ್ರ ಉರುಳಬಾರದು. ನಾಳೆ ಕೇಳಿದರೂ ಹೀಗೇ ಹೇಳುತ್ತೇನೆ.

ಸಾರಾ ಅಜ್ಜಿಯ ಮನೆಗೆ ಹೋದೆ. ನೀನು ಹೇಳಿದ್ದಕ್ಕಲ್ಲ. ಅವಳ ಒಂಟಿತನವನ್ನು ನಾನು ಕಲ್ಲಿನ ಹಾಗೆ ಎತ್ತಿ ಎಸೆದಿದ್ದೆನಲ್ಲ, ಅದರ ತೂಕ ಎಷ್ಟೆಂದು ನೋಡಬೇಕಿತ್ತು.

ಅವಳಿಗೆ ಕಣ್ಣು ಹೋಗಿದೆ ಅಪ್ಪಾ. ಮುಷ್ಕರದ ವರ್ಷವೇ ಮಸುಕಾಗಿತ್ತಂತೆ, ಮಗನಿಗೆ ಹೇಳಲಿಲ್ಲವಂತೆ, ಅವನು ಊರು ಬಿಟ್ಟ ಮೇಲೆ ಪೂರ್ತಿ ಹೋಯಿತಂತೆ. ಪರದೆ ಎತ್ತದಿರುವುದು ನಾಚಿಕೆಯಿಂದಲ್ಲ, ಎತ್ತಿದರೂ ಇಳಿಸಿದರೂ ಅವಳಿಗೆ ಒಂದೇ. ನಾನು ಹೆಸರು ಹೇಳಿದೆ. ಅವಳು ತಲೆ ವಾರೆ ಮಾಡಿ ಕೇಳಿಸಿಕೊಂಡಳು.

"ಎಮ್ಲಿನ್ ಮಗಳಾ? ನೀನೇ ಅಲ್ವೇನೆ ನನ್ನ ಗೋಡೆಗೆ ಬಣ್ಣ ಬಳಿದೋಳು?"

"ಹೌದು."

"ಅಕ್ಷರ ಚೆನ್ನಾಗಿತ್ತಂತೆ. ಪೋಸ್ಟಿನವನು ಹೇಳ್ದ. ನಂಗೆ ಕಾಣಿಸ್ಲಿಲ್ಲ ನೋಡು, ಬರೆದಿದ್ದು ದಂಡ. ಕೂತ್ಕೊ."

ಕಾಗದಗಳು ಕುರ್ಚಿಯ ಮೆತ್ತೆಯ ಕೆಳಗಿದ್ದವು, ಒಂದೂ ಒಡೆದಿರಲಿಲ್ಲ. ಮುಖ ತಿರುಗಿಸಿದ ಬೀದಿಯಲ್ಲಿ ಯಾರನ್ನು ಓದಲು ಕರೆಯುವುದು? ಮಗನ ವಿಷಯ ಪೋಸ್ಟಿನವನ ಬಾಯಿಗೆ ಹಾಕಲು ಅವಳಿಗೆ ಇಷ್ಟವಿರಲಿಲ್ಲ. 'ನೀನಾದ್ರೆ ಎದುರಿಗೇ ಬೈಯೋಳು, ಓದು' ಅಂದಳು. ಓದಿದೆ. ಪಶ್ಚಾತ್ತಾಪದ ಒಂದು ಸಾಲು ಸಿಗುತ್ತದೆ ಎಂದು ಕಾದೆ. ಎಲ್ಲ ಕಾಗದಗಳಲ್ಲೂ ಅದೇ: ಇಲ್ಲಿ ನೀರು ಉಪ್ಪು, ಇಲ್ಲಿ ಸಿಹಿ. ಘಟ್ಟದಲ್ಲಿ ಬ್ರೇಕು ಕಾದಿತ್ತು, ಅರ್ಧ ಗಂಟೆ ನಿಂತೆ. ರಾತ್ರಿ ಎದುರಿನವರ ಕಣ್ಣಿಗೆ ಹೊಡೆಯಬಾರದೆಂದು ದೀಪಗಳಿಗೆ ಕಪ್ಪು ಪಟ್ಟಿ ಅಂಟಿಸಿದೆ. ನನಗೆ ಮೈಯೆಲ್ಲ ಉರಿಯಿತು.

"ಅಜ್ಜಿ, ಒಂದು ಮಾತು ತಪ್ಪಾಯ್ತು ಅಂತ ಬರೀಬಾರ್ದಾ ಇವನು?"

ಅವಳು ನಕ್ಕಳು. "ಚಿಕ್ಕವನಿದ್ದಾಗ ಮಂಡಿ ಒಡ್ಕೊಂಡು ಬಂದ್ರೆ, ಅಮ್ಮ ಹೊರಗೆ ಮಳೆ ಬರೋ ಹಾಗಿದೆ ಅಂತಿದ್ದ. ನಾನು ಮುಲಾಮು-ಬಟ್ಟೆ ಹುಡುಕ್ತಿದ್ದೆ ಅನ್ನು. ಆ ಉಪ್ಪು ನೀರಿಂದು ಇನ್ನೊಂದ್ಸಲ ಓದು."

ಓದಿದೆ. ಹೊರಗೆ ಮಂಜು. ಓದುತ್ತಾ ಓದುತ್ತಾ ನಾವಿಬ್ಬರೂ ಆ ಕುರ್ಚಿಗಳಲ್ಲಿ ಕೂತೇ ಎಲ್ಲೋ ಹೋಗುತ್ತಿದ್ದೇವೆ ಎನ್ನಿಸಿತು. ಅವಳ ಕಿಟಕಿಯಲ್ಲಿ ಕಿತ್ತಳೆ ತೋಟಗಳು ಹಿಂದೆ ಸರಿಯುತ್ತಿವೆ ಎನ್ನಿಸಿತು. ಈಗ ಪ್ರತಿ ಗುರುವಾರ ಹೋಗುತ್ತೇನೆ. ಅವನಿಗಾಗಿ ಅಲ್ಲ.

ಎಲೆರಿ


ಸಾಂತಾಂಡೆರ್
26 ಮಾರ್ಚ್

ಪುಟ್ಟಿ,

ಏಪ್ರಿಲ್ ಏಳರ ಸೋಮವಾರ ಹಡಗು, ಎಂಟರ ಮಂಗಳವಾರ ಪ್ಲಿಮತ್. ಅಲ್ಲಿನ ದೊಡ್ಡ ಅಂಚೆ ಕಚೇರಿಯಲ್ಲಿ ನಿನ್ನ ಪತ್ರ ಇದೆಯೇ ಎಂದು ಕೇಳುತ್ತೇನೆ.

ಅಂಗಳ ಇಲ್ಲ ಎಂದು ಗ್ಲಿನ್‌ಗೆ ಹೇಳಿದೆ. "ಸರಿ ಮಾಡಿದಾರೆ, ನಾನಾದ್ರೂ ಅದೇ ಹೇಳ್ತಿದ್ದೆ" ಅಂದ. ತಾಯಿಗೆ ಕಣ್ಣಿಲ್ಲ ಎಂದೆ. ಎದ್ದು ಹೋಗಿ ದೀಪಗಳ ಕಪ್ಪು ಪಟ್ಟಿ ಕೀಳತೊಡಗಿದ. ಹಡಗು ಇಳಿದು ಪಡುವಣಕ್ಕೆ ತಿರುಗಿಕೊಂಡು, ಬೇಸಿಗೆಗೆ ಎಲ್ಲಾದರೂ ಕೆಲಸ ಹುಡುಕುತ್ತಾನಂತೆ. ಮತ್ತೆ ಕೇಳುವವನಲ್ಲ ಅವನು.

ನಾನು ಅವನನ್ನು ಬಂದರಿನಲ್ಲಿ ಬಿಟ್ಟು ಮನೆಗೆ ಬರುವುದಿಲ್ಲ. ಗಣಿಯಿಂದ ಮೇಲೆ ಬರುವಾಗ ಜಗಳ ಆಡಿದವನನ್ನೂ ಸೇರಿಸಿಯೇ ತಲೆ ಎಣಿಸುತ್ತಿದ್ದೆವು. ಅವನು ಎಲ್ಲಿ ನಿಲ್ಲುತ್ತಾನೋ ನಾವೂ ಅಲ್ಲಿ ನಿಲ್ಲುತ್ತೇವೆ.

ಅಪ್ಪ

ಎಲೆರಿ, ನಾನು ಅಮ್ಮ. ಇವರು ಮುದುಕರ ಹಟದಲ್ಲಿ ಬರೆದಿದ್ದಾರೆ, ನಿಜವಾಗಿಯೂ ಹಾಗೇ ಮಾಡುತ್ತಾರೆ. ನನಗೆ ನನ್ನ ಅಡುಗೆಮನೆ ಬೇಕು. ನಿನ್ನನ್ನು ನೋಡಬೇಕು. ಏನಾದರೂ ಮಾಡು.


ಕುಮ್ ಹೆಲಿಗ್
4 ಏಪ್ರಿಲ್

ಅಪ್ಪಾ,

ತಲೆ ಎಣಿಸುವ ಮಾತು ನನಗೆ ಹೇಳಬೇಡ. ಆ ಲೆಕ್ಕದಿಂದ ತಾನಾಗಿ ಹೊರಗೆ ನಡೆದವನು ಅವನು. ಆದರೆ ನೀನು ಮನೆಗೆ ಬರುವುದಿಲ್ಲ ಎಂದು ಓದಿದಾಗ ಹೆದರಿದೆ. ಇದನ್ನೂ ಬರೆದುಬಿಡುತ್ತೇನೆ.

ಗುರುವಾರ ಸಾರಾ ಅಜ್ಜಿಗೆ ಎಲ್ಲ ಹೇಳಿದೆ. ಅಂಗಳದ ವಿಷಯ, ನನ್ನ ಕೈಯ ವಿಷಯ, ಎಲ್ಲ. ಅವಳು ಚಹಾದ ಬಟ್ಟಲನ್ನು ತಡವಿ ತಟ್ಟೆಯ ಮೇಲಿಟ್ಟಳು.

"ಅವನು ಇಲ್ಲಿಗೆ ಬರೋ ಹಾಗಿಲ್ಲ, ಒಪ್ಪಿದೆ. ನಾನು ಹೋಗ್ತೀನಿ. ನಾನೇನು ಮುಷ್ಕರ ಮುರಿದಿದೀನಾ? ನನ್ನ ಹೋಗ್ಬೇಡ ಅನ್ನೋಕೆ ನಿಮ್ಮ ಸಮಿತಿ ಯಾರು?"

ಉತ್ತರ ಹುಡುಕಿದೆ. ನನ್ನ ಕರಪತ್ರಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ಹುಡುಕಿದೆ. ಇರಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಬೇಸಿಗೆಗೆ ಐಸ್‌ಕ್ರೀಮಿನವನು ನಿಲ್ಲುವ ಜಾಗ ನೆನಪಿದೆಯಾ? ಅದು ಯಾರ ಸಮಿತಿಯದೂ ಅಲ್ಲ, ಎಲ್ಲರ ಕುರಿ ಮೇಯುವ ಬಯಲು. ಇವತ್ತು ಬೆಳಗ್ಗೆ ಹತ್ತಿ ನೋಡಿದೆ. ತುಂಬಿದ ಬಟ್ಟಲನ್ನು ನೆಲದ ಮೇಲಿಟ್ಟೆ, ಒಂದು ಹನಿ ಚೆಲ್ಲಲಿಲ್ಲ. ಎರಡು ವ್ಯಾನು ನಿಲ್ಲುತ್ತವೆ. ಕುರಿಗಳ ತೊಟ್ಟಿಗೆ ಬರುವ ಒರತೆಯ ನೀರನ್ನು ಕುದಿಸಿ ಕುಡಿಯಬಹುದು. ಕೆಳಗಿನ ರೈಲು ಸೇತುವೆಯ ಕಡೆಯಿಂದ ಬರಬೇಡಿ, ಅದು ತಗ್ಗು, ಛಾವಣಿ ತಗಲುತ್ತದೆ. ಗುಡ್ಡದ ಆಚೆ ಬದಿಯಿಂದ ಹತ್ತಿ. ತಿರುವು ಕಡಿದು, ಎರಡನೇ ಗೇರಿನಲ್ಲೇ ಇರಬೇಕು ಎಂದು ಟೆಕ್ವಿನ್ ಹೇಳಿದ. ಹಾಲಿನ ಟೆಕ್ವಿನ್. ಭಾನುವಾರ ಬಸ್ಸಿಲ್ಲ, ಅಜ್ಜಿಯನ್ನು ಹಾಲಿನ ವ್ಯಾನಿನಲ್ಲಿ ಕರೆತರುತ್ತಾನೆ. "ಕ್ಯಾನುಗಳ ಮಧ್ಯೆ ಕೂರ್ತಾಳಾ ಮುದುಕಿ?" ಅಂದ. "ಕ್ಯಾನಿನ ಮೇಲೆ ಕೂರಿಸಿದ್ರೂ ಬರ್ತಾಳೆ" ಅಂದೆ. ಅದಕ್ಕಿಂತ ಹೆಚ್ಚು ಅವನು ಕೇಳಲಿಲ್ಲ.

ಸಮಿತಿಗೆ ಹೇಳಿದ್ದೇನೆ. ಮೆರ್ವಿನ್ ಮಾವ ಪೈಪು ಕೆರೆಯುತ್ತಾ ಕೇಳಿದ: "ನೀನು ಮುದುಕೀನ ಕರ್ಕೊಂಡು ಹೋಗ್ತೀಯ. ಅಷ್ಟೇ ತಾನೆ?" "ಅಷ್ಟೇ." "ಅಷ್ಟಾದ್ರೆ ಅಷ್ಟು. ಮೇಲೆ ಗಾಳಿ ಜೋರು, ಅವಳಿಗೊಂದು ಶಾಲು ತಗೊಂಡು ಹೋಗು."

ನಾನು ಅವನ ಕೈ ಕುಲುಕುವುದಿಲ್ಲ. ಅವನ ವ್ಯಾನಿನೊಳಗೆ ಕಾಲಿಡುವುದಿಲ್ಲ. ಅಜ್ಜಿಯ ಕೈ ಹಿಡಿದು ಅವನ ಮೆಟ್ಟಿಲಿನವರೆಗೆ ಬರುತ್ತೇನೆ, ಅಲ್ಲಿ ಬಿಟ್ಟು ನಿಮ್ಮ ವ್ಯಾನಿಗೆ ನಡೆಯುತ್ತೇನೆ. ಅವಳು ಒಂದು ಗಂಟೆ ಕೂರಲಿ, ಒಂದು ದಿನ ಕೂರಲಿ, ನಾನು ಕಾಯುತ್ತೇನೆ. ನಿನ್ನ ಜೊತೆ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೂ ಹೊತ್ತು ಬೇಕು.

ಅವನಿಗೆ ನೀನೇ ಹೇಳು, ಅವನ ತಾಯಿ ಹೇಳಿ ಕಳಿಸಿದ್ದಾಳೆ ಎಂದು: ಭಾನುವಾರ, ಏಪ್ರಿಲ್ ಹದಿಮೂರು, ಮಧ್ಯಾಹ್ನ ಮೂರು ಗಂಟೆಗೆ, ಗುಡ್ಡದ ನೆತ್ತಿಯಲ್ಲಿ.

ಎಲೆರಿ